ಹೆಸರು ಬದಲಾದ ಕಾರ್ಖಾನೆಯ ಗುಣಮಟ್ಟದ ಕಾಗದಪತ್ರ

ಬೆಂಗಳೂರಿಗರು ಮೈಕೋ ಎಂದೇ ಕರೆಯುತ್ತಿದ್ದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು 2008ರಲ್ಲಿ ಬಾಷ್ ಲಿಮಿಟೆಡ್ ಆದರೂ ಮೈಕೋ ಲೇಔಟ್ ಎಂಬ ಬಡಾವಣೆ ಹಳೆಯ ಹೆಸರಿನಲ್ಲೇ ಉಳಿಯಿತು. ಕಾರ್ಖಾನೆಯ ಕಾಗದಪತ್ರಗಳಿಗೆ ಅಂಥ ಸಲುಗೆಯಿಲ್ಲ. 2013ರ ಕಂಪನಿ ಕಾಯ್ದೆಯಂತೆ, ಹೆಸರು ಬದಲಿಸಿದ ಕಂಪನಿಯು ಎರಡು ವರ್ಷಗಳವರೆಗೆ ಹಳೆಯ ಹೆಸರನ್ನೂ ನಾಮಫಲಕ, ಬಿಲ್ಲುಗಳಲ್ಲಿ ತೋರಿಸಬೇಕು.

ಅನ್ನಪೂರ್ಣೇಶ್ವರಿ ನಗರದ ಆಸುಪಾಸಿನ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳ ಸಣ್ಣ ವರ್ಕ್‌ಶಾಪೊಂದು ಇನ್ನೊಂದರೊಡನೆ ವಿಲೀನವಾಗಿ ಹೆಸರು ಬದಲಾದಾಗ ಮೊದಲು ಅರಿಯಬೇಕಾದದ್ದು ದಸ್ತಾವೇಜಿಗೂ ದಾಖಲೆಗೂ ಇರುವ ಭೇದ. ಮುಂದಿನ ಕೆಲಸ ಹೇಗೆ ನಡೆಯಬೇಕೆಂದು ಹೇಳುವ ಕೈಪಿಡಿ, ಡ್ರಾಯಿಂಗ್, ಖಾಲಿ ತಪಾಸಣಾ ನಮೂನೆಗಳು ದಸ್ತಾವೇಜುಗಳಾಗಿದ್ದು, ಅವು ಹೊಸ ಹೆಸರು ಪಡೆಯಬೇಕು. ಡ್ರಾಯಿಂಗಿನ ಕೆಳಗಿನ ಬಲಮೂಲೆಯ ಚೌಕದಲ್ಲಿ ಪರಿಷ್ಕರಣೆ ಸಂಖ್ಯೆ 3 ಇದ್ದರೆ ಅದು 4 ಆಗಿ, ಪಕ್ಕದಲ್ಲಿ ‘ಹೆಸರು ಬದಲಾವಣೆ ಮಾತ್ರ, ಅಳತೆ ಬದಲಾಗಿಲ್ಲ’ ಎಂಬ ಕಾರಣ ಕಾಣಬೇಕು, ಲೇತ್ ಪಕ್ಕದಲ್ಲಿ ಅಂಟಿಸಿದ ಎಣ್ಣೆಗಲೆಯ ಹಳೆಯ ಪ್ರತಿಯನ್ನು ಅಂದೇ ತೆಗೆಯಬೇಕು. ನಡೆದ ಕೆಲಸಕ್ಕೆ ಸಾಕ್ಷಿಯಾದ, ಸಹಿಬಿದ್ದ ತಪಾಸಣಾ ವರದಿ, ಮೈಕ್ರೋಮೀಟರಿನ ಕ್ಯಾಲಿಬ್ರೇಷನ್ ಪ್ರಮಾಣಪತ್ರಗಳು ದಾಖಲೆಗಳು. ಅವುಗಳ ಮೇಲೆ ಹೊಸ ಹೆಸರು ಬರೆಯುವುದು ಸಾಕ್ಷ್ಯವನ್ನೇ ತಿದ್ದಿದಂತೆ. ಐಎಸ್‌ಒ 9001 ಕೂಡ ಇಂಥ ದಾಖಲೆಗಳು ಅನುದ್ದೇಶಿತವಾಗಿ ಬದಲಾಗದಂತೆ ಕಾಪಾಡಲು ಹೇಳುತ್ತದೆ. ಹಳೆಯ, ಹೊಸ ಹೆಸರುಗಳನ್ನು ದಿನಾಂಕಸಹಿತ ಜೋಡಿಸುವ ಒಂದು ಪುಟದ ಪತ್ರವನ್ನು ಆ ದಾಖಲೆಗಳ ಕಡತದ ಮುಂಭಾಗಕ್ಕೆ ಸೇರಿಸಿದರೆ ಸಾಕು.

ಗೋಡೆಯ ಮೇಲಿನ ಐಎಸ್‌ಒ ಪ್ರಮಾಣಪತ್ರವನ್ನಂತೂ ಕಾರ್ಖಾನೆ ತಾನೇ ತಿದ್ದುವಂತಿಲ್ಲ. ಅದನ್ನು ಕೊಟ್ಟ ಸಂಸ್ಥೆಯೇ ಹೊಸ ಹೆಸರಿನಲ್ಲಿ ನೀಡಬೇಕು.