ಮರಳ ಮೇಲೆ ಮೂರು ಗಿಟಾರು

ಬಿಸಿಲಿನ ಜಳ ಇಳಿಯುವ ಹೊತ್ತಿಗೆ ಅಗಾದೆಜ್‌ನ ಮದುವೆಮನೆ ಬೀದಿಗೆ ಬರುತ್ತದೆ. ಮಣ್ಣುಗೋಡೆಗಳ ನಡುವೆ ಚಾಪೆ ಹಾಸಿದ್ದಾರೆ. ಜನರೇಟರು ಗುಡುಗುಡು ಅನ್ನುತ್ತಿದೆ. ವೇದಿಕೆ ಅಂತೇನಿಲ್ಲ, ಮರಳ ಮೇಲೆ ಆಂಪ್ಲಿಫೈಯರ್ ಇಟ್ಟು, ತಲೆಗೆ ಉದ್ದನೆಯ ರುಮಾಲು ಸುತ್ತಿದ ಮೂವರು ಗಿಟಾರು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಹಿಂದೆ ಡ್ರಮ್ಮು. ಎದುರಿಗೆ ಮದುವೆಗೆ ಬಂದ ಹೆಂಗಸರು ಚಪ್ಪಾಳೆಯಲ್ಲೇ ತಾಳ ಹಿಡಿದು ಉಲುಲು ಹಾಕಿದರೆಂದರೆ ಕುಣಿತ ಶುರು.

ನೈಜರ್ ದೇಶದ ಈ ಮರುಭೂಮಿ ಪಟ್ಟಣಕ್ಕೆ ಗುರುತು 27 ಮೀಟರ್ ಎತ್ತರದ ಮಣ್ಣಿನ ಮಿನಾರ. ಹಳೆ ಪಟ್ಟಣ 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಗಿಟಾರು ವಾದಕರು ಇಲ್ಲಿ ಬೀದಿಗೊಬ್ಬರು. ಮದುವೆಮನೆಯಲ್ಲಿ ನುಡಿಸುವ 'ಎತ್ರಾನ್ ದ ಲಾಯಿರ್' ತಂಡದವರು ಪಟ್ಟಣದಂಚಿನ ಬಡ ಕೇರಿಯವರು, ಅಣ್ಣತಮ್ಮಂದಿರು, ದಾಯಾದಿಗಳು. ತಂಡ ಹುಟ್ಟಿದ್ದು 1995ರಲ್ಲಿ. ಇಲ್ಲಿನ ತುವಾರೆಗ್ ಜನಾಂಗದ ಬಂಡುಕೋರರೂ ಸರಕಾರವೂ ಒಪ್ಪಂದಕ್ಕೆ ಬಂದ ವರ್ಷವೂ ಅದೇ. ತಂಡದ ಮೂಸಾ ಇಬ್ರಾಗೆ ಆಗ ಒಂಬತ್ತೇ ವರ್ಷ. ಮನೆಯಲ್ಲಿದ್ದುದು ಒಂದೇ ಒಂದು ಗಿಟಾರು. ಡ್ರಮ್ಮಿಗೆ ದುಡ್ಡೆಲ್ಲಿ? ಸೋರೆಬುರುಡೆಯೊಂದನ್ನು ಬೋರಲು ಹಾಕಿ, ಕಾಲಿನ ಚಪ್ಪಲಿ ಕಳಚಿ ಅದರಲ್ಲೇ ಬಡಿದರು. ಊರಾಚೆ ಮದುವೆಯಿದ್ದರೆ ಸಾಮಾನೆಲ್ಲ ಬೆನ್ನಿಗೇರಿಸಿ 25 ಕಿಲೋಮೀಟರು ನಡೆದು ಹೋಗಿದ್ದೂ ಉಂಟು.

ತುವಾರೆಗ್ ಗಿಟಾರು ಎಂದರೆ ಹಲವರಿಗೆ ನೆನಪಾಗುವುದು ಮಾಲಿಯ ತಿನಾರಿವೆನ್ ತಂಡ. ಒಂಟೆ ನಡಿಗೆಯ ಲಯ, ಗಡಿಪಾರಾದವರ ಹಾಡು, ದಂಗೆಯ ನೆನಪು. ಎತ್ರಾನ್ ದ ಲಾಯಿರ್ ತಂಡದವರದು ಹಾಗಲ್ಲ. ಮಾಲಿಯ ರಾಗದ ಜತೆಗೆ ಹೌಸಾ ಜನರ ಬಾರುಗಳ ಬ್ಯಾಂಡು, ಕಾಂಗೋದ ಕುಣಿತದ ಸಂಗೀತ ಸೂಕೂಸ್ ಎಲ್ಲವೂ ಇವರ ಕಿವಿಗೆ ಬಿದ್ದಿವೆ. ಹಾಗಾಗಿ ಓಟ ಜೋರು. ಒಬ್ಬ ಹಿಡಿದ ಎಳೆಯನ್ನು ಇನ್ನೊಬ್ಬ ಅರ್ಧದಲ್ಲೇ ಕಸಿದುಕೊಂಡು ಮೇಲಿನ ತಂತಿಗಳಲ್ಲಿ ಸುತ್ತಿಸುತ್ತಾನೆ, ಮೂರನೆಯವನು ಅದರ ಸಂದಿಯಲ್ಲೇ ನುಗ್ಗುತ್ತಾನೆ. ಯಾವ ಸ್ವರ ಯಾರದೆಂದು ಬಿಡಿಸಹೊರಟರೆ ತಲೆ ಕೆಟ್ಟೀತು. ಒಂದೇ ಮನೆಯಲ್ಲಿ ಬೆಳೆದವರಿಗಷ್ಟೇ ಸಾಧ್ಯವಾಗುವ ಜಗಳ ಇದು ಎಂದು ನನಗನ್ನಿಸುತ್ತದೆ. ಆಂಪ್ಲಿಫೈಯರಿನ ಕರಕರ ಸದ್ದನ್ನೂ ಯಾರೂ ದೋಷವೆಂದುಕೊಳ್ಳುವುದಿಲ್ಲ. ಬೀದಿ ತುಂಬ ಜನರಿರುವಾಗ ಅದೂ ಬೇಕು.

ಹಾಡಿಗೆ ಇಷ್ಟೇ ಉದ್ದ ಅಂತಿಲ್ಲ. ಕುಣಿಯುವವರು ಬಿಡುವ ತನಕ ಗಿಟಾರೂ ಬಿಡುವುದಿಲ್ಲ. ಮದುವೆಮನೆಯವರನ್ನು ದಣಿಸಬೇಕು, ತಾವು ದಣಿಯಬಾರದು. ಕಸುಬಿನ ಗುಟ್ಟೆಲ್ಲ ಇದರಲ್ಲಿದೆ. ಸಭಾಂಗಣದ ಕುರ್ಚಿಯಲ್ಲಿ ಕೂತವರನ್ನು ನೆನೆದು ಕಟ್ಟಿದ ಸಂಗೀತ ಇದಲ್ಲವೇ ಅಲ್ಲ.

ಸಹಾರಾದಲ್ಲಿ ಹಾಡುಗಳು ಮೊಬೈಲಿನ ಮೆಮೊರಿ ಕಾರ್ಡಿನಿಂದ ಕಾರ್ಡಿಗೆ ದಾಟಿ ಊರೂರು ಸುತ್ತುತ್ತಿದ್ದವು. ಇವರ ಹಾಡುಗಳು ಆ ಸುತ್ತಿನಾಚೆಗೂ ದಾಟಿದವು: ಅಮೆರಿಕದ ಪೋರ್ಟ್‌ಲ್ಯಾಂಡಿನ 'ಸಹೇಲ್ ಸೌಂಡ್ಸ್' ಸಂಸ್ಥೆ 2018ರಲ್ಲಿ ಇವರ ಮೊದಲ ಆಲ್ಬಂ 'ನಂ. 1' ತಂದಿತು. ಅದರ ಧ್ವನಿಮುದ್ರಣ ಆದದ್ದು ಮನೆಯ ಹೊರಗೆ, ಬಯಲಿನಲ್ಲೇ. 2022ರಲ್ಲಿ 'ಅಗಾದೆಜ್' ಬಂತು. ಯುರೋಪು, ಅಮೆರಿಕಗಳ ವೇದಿಕೆ ಹತ್ತಿ ಬಂದ ಮೇಲೆ, 2024ರ '100% ಸಹಾರಾ ಗಿಟಾರ್'ಗೆ ಮೊದಲ ಬಾರಿ ಸ್ಟುಡಿಯೋ ಭಾಗ್ಯ. ಅದರಲ್ಲಿ ಒಂದೊಂದು ತಂತಿಯೂ ನಿಚ್ಚಳ. ಆದರೂ ಕೇಳಹೊರಟವರು 'ನಂ. 1'ರಿಂದಲೇ ಶುರುಮಾಡಿ. ಮದುವೆಮನೆಗೆ ಹತ್ತಿರವಿರುವುದು ಆ ಒರಟು ಆಲ್ಬಮ್ಮೇ.