ಚೋರ್ ಬಜಾರಿನ ಎಚ್‌ಎಂಟಿ: ಮೆಷಿನ್ ಹಳೆಯದು, ಮುಖ ಹೊಸತು

ಎಪ್ಪತ್ತು, ಎಂಬತ್ತರ ದಶಕದಲ್ಲಿ ಊರು ಬಿಟ್ಟು ಮುಂಬಯಿಗೆ ಬಂದು ಹೊಟೇಲು, ಮಿಲ್ಲು, ಬ್ಯಾಂಕುಗಳಲ್ಲಿ ದುಡಿದ ಅನೇಕ ಕನ್ನಡಿಗರ ಕೈಯಲ್ಲಿದ್ದುದು ಎಚ್‌ಎಂಟಿ ವಾಚು. ಮದುವೆಯಲ್ಲಿ ಅಳಿಯನಿಗೆ, ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ನಿವೃತ್ತಿಯ ದಿನ ಸಹೋದ್ಯೋಗಿಗೆ ಕೊಡುತ್ತಿದ್ದುದೂ ಅದನ್ನೇ. ಈಗ ಅಂಥ ವಾಚುಗಳು ಕಪಾಟಿನ ಮೂಲೆ ಸೇರಿವೆ. ಮನೆ ಬದಲಿಸುವಾಗ ಹಳೆಯ ಪಾತ್ರೆಯ ಜತೆ ಭಂಗಾರ್‌ವಾಲಾನ ಗೋಣಿಗೂ ಬೀಳುತ್ತವೆ. ಅತ್ತ ಅದೇ ವಾಚನ್ನು ಹುಡುಕಿಕೊಂಡು ಮಟನ್ ಸ್ಟ್ರೀಟಿಗೆ ಹೋಗುವ ಹೊಸ ತಲೆಮಾರಿನ ಹವ್ಯಾಸಿಗಳಿದ್ದಾರೆ!

1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳಿಗಾಗಿ ಆರಂಭವಾದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ವಾಚು ತಯಾರಿಕೆಗೆ ಇಳಿಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ ಕೀ ಕೊಡುವ ವಾಚುಗಳು. ಕಾಂಚನ್ ಕೈ ಅಲ್ಲಾಡಿದರೆ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್. ಬ್ಯಾಟರಿ ವಾಚುಗಳ ಪೈಪೋಟಿಯಲ್ಲಿ ಕಂಪೆನಿ ಸೋತಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಹಳೆಯ ವಾಚಿಗೆ ಈಗ ಬೆಲೆ ಬಂದಿದೆ.

ಬೆಲೆ ಬಂದಲ್ಲಿ ಕೈಚಳಕವೂ ಬಂತು. ಕೆಟ್ಟ ಡಯಲನ್ನು ಕೆರೆದು, ಹೊಸ ಬಣ್ಣ ಬಳಿದು, ಅಕ್ಷರ ಮುದ್ರಿಸಿ, ನಾಲ್ಕು ವಾಚುಗಳ ಭಾಗ ಸೇರಿಸಿ ಒಂದು 'ಹೊಸ' ಪೈಲಟ್ ಮಾಡುವ ಕಸುಬು ಎಷ್ಟು ಪ್ರಸಿದ್ಧವೆಂದರೆ, ಹೊರದೇಶದ ಸಂಗ್ರಾಹಕರು ಇಂಥ ವಾಚುಗಳನ್ನು ನಮ್ಮ ಮುಂಬಯಿಯ ಹೆಸರಿನಿಂದಲೇ ಗುರುತಿಸುತ್ತಾರೆ. ಹೆಮ್ಮೆ ಪಡುವ ಕೀರ್ತಿಯೇನೂ ಅಲ್ಲ. ಪೈಲಟ್ ಹೆಸರಾದದ್ದು ಕಪ್ಪು ಡಯಲಿಗೆ. ಕೇಸರಿ, ಗಿಳಿಹಸಿರು ಬಣ್ಣದ್ದು ಕಂಡರೆ ಅನುಮಾನಿಸಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಮರುಮುದ್ರಣದ ಅಕ್ಷರಗಳ ಅಂಚು ಹರಡಿರುತ್ತದೆ, ಕೆಲವೊಮ್ಮೆ ಕಾಗುಣಿತವೇ ತಪ್ಪಿರುತ್ತದೆ. ನಲವತ್ತು ವರ್ಷದ ವಾಚಿನ ಕೇಸು ಸವೆದು ಡಯಲ್ ಮಾತ್ರ ಥಳಥಳಿಸಿದರೆ ಅರ್ಥ ಸ್ಪಷ್ಟ. ಹಿಂಬದಿಯ ಮುಚ್ಚಳ ತೆಗೆಸಿ ಮೆಷಿನ್ ಮೇಲೆ ಎಚ್‌ಎಂಟಿ ಗುರುತಿದೆಯೇ, ತುಕ್ಕು ಹಿಡಿದಿದೆಯೇ ನೋಡದೆ ದುಡ್ಡು ಎಣಿಸಬಾರದು. ತೆಗೆಯಲು ಒಪ್ಪದವನ ಬಳಿ ವ್ಯಾಪಾರವೇ ಬೇಡ. ಬರೇ ಕೈಗೆ ಕಟ್ಟಿಕೊಳ್ಳಲು ಬೇಕಾದರೆ ಬಣ್ಣ ಬಳಿದದ್ದೂ ಆದೀತು. ಆದರೆ ಅಸಲಿಯ ಬೆಲೆ ಕೊಡಬಾರದು.

ರೋಲೆಕ್ಸ್, ಒಮೆಗಾದಂಥ ಲಕ್ಷಗಟ್ಟಲೆಯ ಸೆಕೆಂಡ್ ಹ್ಯಾಂಡ್ ವಾಚಿನಲ್ಲಿ ಪೆಟ್ಟು ಇನ್ನೂ ದೊಡ್ಡದು. ಸೆಕೆಂಡ್ ಮುಳ್ಳು ಜಾರುತ್ತ ಹೋದರೆ ಅಸಲಿ ಎಂಬ ನಂಬಿಕೆ ಹಲವರಲ್ಲಿದೆ. ನಕಲಿಗೂ ಆಟೊಮ್ಯಾಟಿಕ್ ಮೆಷಿನ್ ಹಾಕುತ್ತಾರೆ, ಅದರ ಮುಳ್ಳೂ ಜಾರುತ್ತದೆ. ವಾಚಿನ ಸೀರಿಯಲ್ ನಂಬರು ಗ್ಯಾರಂಟಿ ಕಾರ್ಡಿಗೆ ತಾಳೆಯಾಗಬೇಕು, ಮಾರುವವನ ಹೆಸರಿನ ಬಿಲ್ಲೂ ಬೇಕು. ಕಳವು ಮಾಲಾಗಿದ್ದರೆ ಪೊಲೀಸ್ ಠಾಣೆಯಲ್ಲಿ ನೆರವಿಗೆ ಬರುವುದು ಆ ಬಿಲ್ಲೇ.

ಮನೆಯಲ್ಲೇ ಹಳೆಯ ವಾಚು ಇದ್ದವರು ದಿನಾ ಒಂದೇ ಹೊತ್ತಿಗೆ ಕೀ ಕೊಟ್ಟು, ಬಿಗಿಯಾದಲ್ಲಿ ನಿಲ್ಲಿಸಬೇಕು. ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ಗಾಬರಿ ಬೇಡ. ನೀರು, ಮೊಬೈಲ್ ಕವರಿನ ಅಯಸ್ಕಾಂತ ಎರಡೂ ಅದಕ್ಕೆ ಆಗವು. ಒಳಗಿನ ಎಣ್ಣೆ ಒಣಗುವುದರಿಂದ ನಾಲ್ಕೈದು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಬೇಕು. ಬಲ್ಲ ರಿಪೇರಿಯವರು ಕಡಿಮೆಯಾಗುತ್ತಿರುವುದೇ ಚಿಂತೆ. ಡಯಲಿಗೆ ಪಾಲಿಶ್ ಹಾಕುವುದು ಬೇಡವೆಂದು ಮೊದಲೇ ಹೇಳಿಬಿಡಬೇಕು.

ಇನ್ನು ಲೋಲಕದ ಗೋಡೆ ಗಡಿಯಾರ. ಟಿಕ್ ಟಿಕ್ ಸಮನಾಗಿ ಕೇಳುವವರೆಗೆ ಅದನ್ನು ನೇರ ಮಾಡಬೇಕು. ಹಿಂದೆ ಬಿದ್ದರೆ ಲೋಲಕದ ಕೆಳಗಿನ ನಟ್ಟು ತಿರುಗಿಸಿ ಗುಂಡನ್ನು ತುಸು ಮೇಲೇರಿಸಬೇಕು, ಮುಂದೋಡಿದರೆ ಇಳಿಸಬೇಕು. ಗಂಟೆ ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಲೇಬಾರದು. ಮುಂದಕ್ಕೆ ತಿರುಗಿಸುವಾಗಲೂ ಪ್ರತಿ ಗಂಟೆಗೆ ನಿಂತು, ಅದು ಹೊಡೆದು ಮುಗಿಸಿದ ಮೇಲೆಯೇ ಮುಂದುವರಿಯಬೇಕು.