ಚಿತ್ರವನ್ನು ನೋಡಿ ಮೀನಿನ ಜಾತಿಯನ್ನು ಗುರುತಿಸುವ ಕ್ರಮ

ಕೆರೆಗೆ ಬಲೆ ಬೀಸಿದಾಗ ಕಾಟ್ಲಾ, ರೋಹು, ಗೆಂಡೆಗಳ ನಡುವೆ ಯಾರೂ ಅರಿಯದ ಮೀನೊಂದು ಒಮ್ಮೊಮ್ಮೆ ಸಿಕ್ಕುವುದುಂಟು. ಅಂಥ ಮೀನಿನ ಚಿತ್ರವನ್ನು ತೆಗೆದು, ಅದು ಯಾವ ಜಾತಿಯೆಂದು ಒಬ್ಬರನ್ನೊಬ್ಬರು ಕೇಳಿ ಊಹಿಸುವುದು ಮೀನಿನ ಹವ್ಯಾಸವುಳ್ಳವರಿಗೆ ಒಂದು ವಿನೋದವಾಗಿದೆ. ಈ ವಿನೋದದಿಂದ ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಆಗತಕ್ಕ ಪ್ರಯೋಜನವು ಅಲ್ಪವಲ್ಲ. ಪರಸ್ಥಳದ ಮೀನು ಕೆರೆಯನ್ನು ಹೊಕ್ಕರೆ ಅದನ್ನು ಮೊದಲು ಕಾಣುವವರು ಊರಿನವರೇ.

ಬಣ್ಣವೊಂದನ್ನೇ ನಂಬಿ ಜಾತಿಯನ್ನು ನಿರ್ಣಯಿಸಬಾರದು. ನೀರು ಕೆಸರಾದರೂ ತಿಳಿಯಾದರೂ ಬಣ್ಣವು ಬದಲಾಗುವುದು. ಸತ್ತ ಮೇಲೆ ಮಾಸುವುದು. ಬಾಯಿಯ ಸ್ಥಾನ, ಹಲ್ಲು, ಮೀಸೆಗಳ ಸಂಖ್ಯೆ, ಹುರುಪೆ, ಬೆನ್ನಿನ ರೆಕ್ಕೆ, ಬಾಲ ಇವುಗಳನ್ನು ಕ್ರಮವಾಗಿ ಪರೀಕ್ಷಿಸತಕ್ಕದ್ದು.

ಮೈಮೇಲೆ ಗಟ್ಟಿಯಾದ ಎಲುಬಿನ ಬಿಲ್ಲೆಗಳೂ, ತಲೆಯ ಕೆಳಭಾಗದಲ್ಲಿ ಹೀರುವ ಬಾಯಿಯೂ ಇದ್ದರೆ ಅದು ದಕ್ಷಿಣ ಅಮೆರಿಕದ ಕವಚದ ಮೀನು. ಗಾಜಿನ ತೊಟ್ಟಿಗಳಲ್ಲಿ ಪಾಚಿ ತಿನ್ನಲೆಂದು ಸಾಕಿ, ದೊಡ್ಡದಾದ ಮೇಲೆ ಕೆರೆಗೆ ಬಿಟ್ಟುದರಿಂದ ಇದು ಹರಡಿದೆ. ಇದು ದಡದಲ್ಲಿ ಬಿಲ ತೋಡಿ ಮೊಟ್ಟೆಯಿಡುವುದರಿಂದ ಮಣ್ಣಿನ ಏರಿಯುಳ್ಳವರು ಎಚ್ಚರವಾಗಿರಬೇಕು.

ಕೆಂಪು ಹೊಟ್ಟೆಯ ಅಗಲವಾದ ಮೀನನ್ನು ಕಂಡು, ಮನುಷ್ಯರನ್ನು ಕಚ್ಚುವ ಪಿರಾನ್ಹಾ ಬಂದಿತೆಂದು ಜನರು ಹೆದರುವುದುಂಟು. ಹಲ್ಲುಗಳು ಮನುಷ್ಯನ ದವಡೆ ಹಲ್ಲಿನಂತೆ ಚಪ್ಪಟೆಯಾಗಿದ್ದರೆ ಅದು ಪೇಟೆಯಲ್ಲಿ ರೂಪ್‌ಚಂದ್ ಎಂದು ಮಾರುವ ಪಾಕು ಮೀನು. ಪಿರಾನ್ಹಾದ ಹಲ್ಲು ತ್ರಿಕೋನವಾಗಿಯೂ ಹರಿತವಾಗಿಯೂ ಇರುವುದು.

ಎಲ್ಲಕ್ಕಿಂತ ಮುಖ್ಯವಾದುದು ನಾಡಿನ ಮಾಗೂರ್ ಮೀನಿಗೂ ಆಫ್ರಿಕದ ಕ್ಯಾಟ್‌ಫಿಶ್‌ಗೂ ಇರುವ ಭೇದ. ಎರಡಕ್ಕೂ ನಾಲ್ಕು ಜೊತೆ ಮೀಸೆಗಳಿವೆ, ಎರಡಕ್ಕೂ ಹುರುಪೆಯಿಲ್ಲ. ಆದರೆ ಮೇಲಿನಿಂದ ನೋಡಿದರೆ ಮಾಗೂರಿನ ತಲೆಬುರುಡೆಯ ಹಿಂದಿನ ಅಂಚು ಒಂದೇ ಮೊನೆಯಾಗಿ ಮುಗಿಯುವುದು. ಆಫ್ರಿಕದ ಮೀನಿನಲ್ಲಿ ಆ ಅಂಚು ಹಲವು ಮೊನೆಗಳಾಗಿ ಅಂಕುಡೊಂಕಾಗಿರುವುದು. ಈ ಪರದೇಶದ ಮೀನು ಇತರ ಮೀನುಗಳನ್ನು ನುಂಗಿ ಬೇಗ ಬೆಳೆಯುವುದು. ಇದರ ಸಾಕಣೆಯನ್ನು ಭಾರತದಲ್ಲಿ ನಿಷೇಧಿಸಲಾಗಿದೆ.

ಜಾತಿಯನ್ನು ತಪ್ಪಾಗಿ ತಿಳಿದರೆ ಎಂಥ ನಷ್ಟವಾಗುವುದೆಂಬುದಕ್ಕೆ ಕಾವೇರಿಯೇ ಸಾಕ್ಷಿ. ಅಲ್ಲಿಯ ಗೂನುಬೆನ್ನಿನ ಮಹಸೀರ್ ಮೀನಿಗೆ ಯಾವ ಶಾಸ್ತ್ರೀಯ ಹೆಸರು ಸಲ್ಲುವುದೆಂಬುದು 2018ರವರೆಗೆ ಇತ್ಯರ್ಥವಾಗಿರಲಿಲ್ಲ. ಅಷ್ಟರಲ್ಲಿ ಬೇರೆಡೆಯ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಆ ನದಿಗೆ ಬಿಟ್ಟು, ಅವು ಹೆಚ್ಚಿದವು. ನದಿಯ ಸ್ವಂತ ಮೀನು ಕ್ಷೀಣಿಸಿ, ಅದೇ 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಆದುದರಿಂದ ಅಪರಿಚಿತ ಮೀನು ಸಿಕ್ಕಿದಾಗ ಅದನ್ನು ತೊಳೆದು, ತಲೆಯು ಎಡಕ್ಕಿರುವಂತೆ ಮಲಗಿಸಿ, ರೆಕ್ಕೆಗಳನ್ನು ಬಿಡಿಸಿ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆಯತಕ್ಕದ್ದು. ತಲೆಯನ್ನು ಮೇಲಿನಿಂದಲೂ ಬಾಯಿಯನ್ನು ಕೆಳಗಿನಿಂದಲೂ ಬೇರೆಬೇರೆಯಾಗಿ ತೆಗೆಯಬೇಕು. ಕೆರೆಯ ಹೆಸರು, ತಾರೀಖು, ತೂಕ ಇವುಗಳನ್ನು ಬರೆದಿಡಬೇಕು. ಕೆಲವು ಜಾತಿಗಳು ಚಿತ್ರದಿಂದ ಮಾತ್ರ ನಿರ್ಣಯವಾಗವು. ಮೀನನ್ನು ಮಂಜುಗಡ್ಡೆಯಲ್ಲಿಟ್ಟು ತಾಲ್ಲೂಕಿನ ಮೀನುಗಾರಿಕೆ ಅಧಿಕಾರಿಗಳಿಗೆ ತೋರಿಸುವುದು ಉತ್ತಮ. ನಿರ್ಣಯವಾಗುವವರೆಗೆ ಅದನ್ನು ಮರಳಿ ನೀರಿಗೆ ಬಿಡುವುದಾಗಲಿ, ಮತ್ತೊಂದು ಕೆರೆಗೆ ಒಯ್ಯುವುದಾಗಲಿ ಕೂಡದು.